ನೀರು ಮೊದಲೋ, ಬೋಧನೆ ಮೊದಲೋ: ಶಾರ್ಲಮೇನ್, ಸ್ಯಾಕ್ಸನರು ಮತ್ತು ಆಲ್ಕ್ವಿನ್ ಬರೆದ ಪತ್ರಗಳು

(ಯುವಜನರ ಬೈಬಲ್ ಸ್ಟಡಿ, ಸಭಾ ಚರಿತ್ರೆ ಸರಣಿ)

ಸಭಾ ಚರಿತ್ರೆ ಅಂದ ಕೂಡಲೇ ಹಿಂದಿನ ಸಾಲಿಗೆ ಹೋಗಿ ಕೂತಿರುವ ತಮ್ಮಂದಿರಿಗೆ ವಿಶೇಷ ವಂದನೆ. ಬೈಬಲ್ ತೆರೆಯಿರಿ. ಮೊಬೈಲಿನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ. ಮತ್ತಾಯ 28ನೇ ಅಧ್ಯಾಯ, 19 ಮತ್ತು 20ನೇ ವಚನ.

ನಮಗೆಲ್ಲ ಬಾಯಿಪಾಠ ಇರುವ ಭಾಗ. ಇದರಲ್ಲಿ ಮೂರು ಕೆಲಸ ಇವೆ ನೋಡಿ. ಜನರನ್ನು ಶಿಷ್ಯರನ್ನಾಗಿ ಮಾಡುವುದು, ದೀಕ್ಷಾಸ್ನಾನ ಕೊಡುವುದು, ಕರ್ತನು ಹೇಳಿದ್ದನ್ನೆಲ್ಲ ಕೈಕೊಂಡು ನಡೆಯಲು ಕಲಿಸುವುದು. ಈ ಮೂರರ ಕ್ರಮವನ್ನು ತಿರುಗಾಮುರುಗಾ ಮಾಡಿದರೆ ಏನಾಗುತ್ತದೆ? ಅದಕ್ಕೆ ನಾನು ಕಥೆ ಕಟ್ಟಬೇಕಾಗಿಲ್ಲ. 8ನೇ ಶತಮಾನದ ಯೂರೋಪಿನಲ್ಲಿ, ಇವತ್ತಿನ ಜರ್ಮನಿಯ ಉತ್ತರ ಭಾಗದಲ್ಲಿ, ಅದು ನಿಜವಾಗಿಯೇ ನಡೆದಿದೆ.

ಈ ವಿಷಯ ಯಾಕೆ ತೆಗೆದುಕೊಂಡೆ ಅಂದರೆ, ನಿಮ್ಮಲ್ಲಿ ಎಷ್ಟೋ ಜನ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದ್ದೀರಿ. ಆಫೀಸಿನಲ್ಲಿ ಲಂಚ್ ಟೈಮಿನಲ್ಲಿ ಯಾರೋ ಕೇಳುತ್ತಾರಂತೆ: "ಯೂರೋಪೆಲ್ಲ ಕ್ರೈಸ್ತ ಆಗಿದ್ದು ಕತ್ತಿಯಿಂದ ತಾನೇ?" ನಮ್ಮವರು ಸಾಮಾನ್ಯವಾಗಿ ಎರಡು ಥರ ಉತ್ತರ ಕೊಡುತ್ತಾರೆ. ಒಬ್ಬರು, "ಇಲ್ಲವೇ ಇಲ್ಲ, ಅದೆಲ್ಲ ಸುಳ್ಳು." ಇನ್ನೊಬ್ಬರು, "ಅದು ಕ್ಯಾಥೋಲಿಕರು ಮಾಡಿದ್ದು, ನಮಗೂ ಅದಕ್ಕೂ ಸಂಬಂಧ ಇಲ್ಲ." ಮೊದಲನೆಯದು ನಿಜ ಅಲ್ಲ. ಎರಡನೆಯದು ಸುಲಭದ ಜಾರಿಕೆ. ಆ ಕಾಲದಲ್ಲಿ ಪ್ರಾಟೆಸ್ಟೆಂಟ್ ಅನ್ನುವ ಶಬ್ದವೇ ಇರಲಿಲ್ಲ. ಪಶ್ಚಿಮ ಯೂರೋಪಿನಲ್ಲಿ ಇದ್ದ ಸಭೆ ಅದೊಂದೇ, ನಮ್ಮ ಬೇರೂ ಅದರೊಳಗೇ ಇದೆ. ಹಾಗಾಗಿ ನಡೆದದ್ದು ನಡೆದ ಹಾಗೇ ತಿಳಿದುಕೊಳ್ಳೋಣ. ಕತ್ತಿಯೂ ಇತ್ತು. ಕತ್ತಿ ಹಿಡಿದ ರಾಜನಿಗೆ "ಇದು ತಪ್ಪು" ಅಂತ ಪತ್ರ ಬರೆದ ದೇವರ ಸೇವಕನೂ ಇದ್ದ. ಇಬ್ಬರನ್ನೂ ನೋಡಬೇಕು.

ಸ್ವಲ್ಪ ಹಿಂದಿನಿಂದ ಬರೋಣ. 476ರಲ್ಲಿ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ರೋಮುಲಸ್ ಆಗಸ್ಟುಲಸ್ ಎಂಬ ಹುಡುಗನನ್ನು ಒಡೋವಾಕರ್ ಕೆಳಗಿಳಿಸಿದ. ಪಶ್ಚಿಮದಲ್ಲಿ ರೋಮಿನ ಆಡಳಿತ ಹೋದ ಮೇಲೆ ಬೇರೆ ಬೇರೆ ಜನಾಂಗದ ರಾಜರು ತಮ್ಮ ತಮ್ಮ ರಾಜ್ಯ ಮಾಡಿಕೊಂಡರು. ಅವರಲ್ಲಿ ಫ್ರಾಂಕರ ರಾಜ ಕ್ಲೋವಿಸ್ ಒಬ್ಬ. 481ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಅವನ ಹೆಂಡತಿ ಕ್ಲೋಟಿಲ್ಡಾ ವಿಶ್ವಾಸಿ. ಗಂಡನಿಗೆ ಹೇಳಿ ಹೇಳಿ ಸಾಕಾಗಿದ್ದಳು. ಕೊನೆಗೆ ಅಲಮನ್ನರ ಜೊತೆ ಯುದ್ಧದಲ್ಲಿ ಸೋಲುವ ಸ್ಥಿತಿ ಬಂದಾಗ ಕ್ಲೋವಿಸ್ ಹೆಂಡತಿಯ ದೇವರಿಗೆ ಮೊರೆಯಿಟ್ಟ. ನೀನು ಗೆಲ್ಲಿಸಿದರೆ ನಾನು ನಂಬುತ್ತೇನೆ, ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅಂತ. ಗೆದ್ದ. ರೀಮ್ಸ್ ಪಟ್ಟಣದಲ್ಲಿ ಬಿಷಪ್ ರೆಮಿಜಿಯಸ್ ಅವನಿಗೆ ದೀಕ್ಷಾಸ್ನಾನ ಕೊಟ್ಟ. ಅವನ ಜೊತೆ 3000ಕ್ಕಿಂತ ಹೆಚ್ಚು ಸೈನಿಕರೂ ನೀರಿಗಿಳಿದರು ಅಂತ ಟೂರ್ಸಿನ ಬಿಷಪ್ ಗ್ರೆಗರಿ ಬರೆದಿದ್ದಾನೆ. ವರ್ಷ 496 ಅಂತ ಹಳೆಯ ಪುಸ್ತಕಗಳು ಹೇಳುತ್ತವೆ, 508ರ ಹತ್ತಿರ ಅಂತ ಈಗಿನ ಕೆಲವು ಇತಿಹಾಸಕಾರರು.

ಆ 3000 ಜನರಲ್ಲಿ ಎಷ್ಟು ಜನ ಕ್ಲೋಟಿಲ್ಡಾಳ ದೇವರನ್ನು ಅರಿತಿದ್ದರು? ರಾಜ ಹೋದ ಕಡೆ ಸೈನ್ಯ ಹೋಯಿತು, ಅಷ್ಟೇ. ಇನ್ನು ರಾಜನ ವಿಷಯ. ಅದೇ ಗ್ರೆಗರಿ, ಕ್ಲೋವಿಸ್‌ನನ್ನು ಬಹಳ ಹೊಗಳುವ ಗ್ರೆಗರಿಯೇ, ಮುಂದೆ ಬರೆಯುತ್ತಾನೆ: ರಾಜ್ಯಕ್ಕಾಗಿ ಇವನು ತನ್ನ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸಿದ. ಆಮೇಲೆ ಒಂದು ದಿನ ಸಭೆಯಲ್ಲಿ ನನಗೆ ನೆಂಟರೇ ಉಳಿದಿಲ್ಲವಲ್ಲಾ ಅಂತ ಗೋಳಾಡಿದನಂತೆ. ದುಃಖಕ್ಕಲ್ಲ, ಇನ್ನೂ ಯಾರಾದರೂ ಉಳಿದಿದ್ದರೆ ಮುಂದೆ ಬರಲಿ, ಅವರನ್ನೂ ಮುಗಿಸೋಣ ಅಂತ! ಬೈಬಲ್ ಕಾಲೇಜಿನಲ್ಲಿ ನಮ್ಮ ಪಠ್ಯದಲ್ಲಿ ರೀಮ್ಸಿನ ದೀಕ್ಷಾಸ್ನಾನ ಇತ್ತು, ಈ ಭಾಗ ಇರಲಿಲ್ಲ. ನನಗನ್ನಿಸುವುದು, ಎರಡನ್ನೂ ಒಟ್ಟಿಗೇ ಓದಬೇಕು.

ಈಗ ಸಮುದ್ರ ದಾಟಿ ಇಂಗ್ಲೆಂಡಿಗೆ ಬನ್ನಿ. 597ರಲ್ಲಿ ಪೋಪ್ ಗ್ರೆಗರಿ ಕಳಿಸಿದ ಅಗಸ್ಟೀನ್ ಎಂಬ ಸನ್ಯಾಸಿ ಕೆಂಟ್ ರಾಜ್ಯಕ್ಕೆ ಬಂದ. (ಹಿಪ್ಪೋವಿನ ಅಗಸ್ಟೀನ್ ಬೇರೆ, ಅವನು ಇವನಿಗಿಂತ ಸುಮಾರು 200 ವರ್ಷ ಹಿಂದಿನವನು. ಕನ್ಫ್ಯೂಸ್ ಮಾಡಿಕೊಳ್ಳಬೇಡಿ, ಇಬ್ಬರೂ ಇವತ್ತಿನ ಪಾಠದಲ್ಲಿ ಬರುತ್ತಾರೆ.) ಅಲ್ಲಿಯ ರಾಜ ಎಥೆಲ್ಬರ್ಟ್. ಅವನ ರಾಣಿ ಬರ್ತಾ, ಫ್ರಾಂಕರ ರಾಜಕುಮಾರಿ, ಕ್ಲೋವಿಸ್‌ನ ಮರಿಮೊಮ್ಮಗಳು, ವಿಶ್ವಾಸಿ. ರಾಜ ಅಗಸ್ಟೀನನನ್ನು ಮನೆಯೊಳಗೆ ಕರೆಯಲಿಲ್ಲ. ಒಳಗೆ ಬಂದರೆ ಮಾಟಮಂತ್ರ ಮಾಡಿಯಾರು ಅನ್ನುವ ಭಯ, ಅದಕ್ಕೇ ಬಯಲಿನಲ್ಲಿ ಕೂತು ಮಾತು ಕೇಳಿದ. ಕೇಳಿ ಹೇಳಿದ್ದು ಬಹಳ ನೇರ: ನಿಮ್ಮ ಮಾತು ಚೆನ್ನಾಗಿದೆ, ಆದರೆ ನಮಗೆ ಹೊಸದು. ನಮ್ಮವರು ಇಷ್ಟು ಕಾಲ ನಡೆಸಿಕೊಂಡು ಬಂದದ್ದನ್ನು ಒಮ್ಮೆಲೇ ಬಿಡಲಾರೆ. ನಿಮಗೆ ತೊಂದರೆ ಕೊಡುವುದಿಲ್ಲ, ನೀವು ಬೋಧಿಸಿಕೊಳ್ಳಿ.

ಮುಂದೆ ಅವನೂ ನಂಬಿದ. ಆಮೇಲೆ ಏನು ಮಾಡಿದ ಅನ್ನುವುದು ಮುಖ್ಯ. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಚರಿತ್ರೆಯಲ್ಲಿ ಹೀಗಿದೆ: ಎಥೆಲ್ಬರ್ಟ್ ಯಾರನ್ನೂ ಬಲವಂತ ಮಾಡಲಿಲ್ಲ. ಕ್ರಿಸ್ತನ ಸೇವೆ ಸ್ವಇಚ್ಛೆಯಿಂದ ಆಗಬೇಕೇ ಹೊರತು ಒತ್ತಾಯದಿಂದಲ್ಲ ಅಂತ ಅವನಿಗೆ ಕಲಿಸಿದವರೇ ಹೇಳಿಕೊಟ್ಟಿದ್ದರು. ಈ ಮಾತನ್ನು ನೋಟ್ ಮಾಡಿಕೊಳ್ಳಿ, 200 ವರ್ಷ ಆದಮೇಲೆ ಇದು ತಿರುಗಿ ಬರುತ್ತದೆ.

ಆದರೂ ಬೀಡ್ ಪ್ರಾಮಾಣಿಕ. ರಾಜ ಬಲವಂತ ಮಾಡದಿದ್ದರೂ ನಂಬಿದವರ ಮೇಲೆ ಹೆಚ್ಚು ಪ್ರೀತಿ ತೋರಿಸುತ್ತಿದ್ದ ಅಂತಲೂ ಬರೆಯುತ್ತಾನೆ. ಬಾಸ್ ಯಾವ ಚರ್ಚಿಗೆ ಹೋಗುತ್ತಾನೆ ಅಂತ ಗೊತ್ತಾದರೆ ಆ ಚರ್ಚಿಗೆ ಜನ ಜಾಸ್ತಿ ಆಗುತ್ತಾರಲ್ಲ, ಹಾಗೆ. 616ರಲ್ಲಿ ಎಥೆಲ್ಬರ್ಟ್ ತೀರಿಕೊಂಡ. ಮಗ ಈಡ್‌ಬಾಲ್ಡ್‌ಗೆ ಈ ನಂಬಿಕೆ ಬೇಡವಾಗಿತ್ತು. ರಾಜನ ಭಯಕ್ಕೋ ರಾಜನ ಮೆಚ್ಚುಗೆಗೋ ಬಂದಿದ್ದವರೆಲ್ಲ ಅವನ ಹಿಂದೆಯೇ ಹಳೆಯ ದಾರಿಗೆ ವಾಪಸ್ ಹೋದರು. ಕ್ಯಾಂಟರ್ಬರಿಯ ಬಿಷಪ್ ಲಾರೆನ್ಸ್ ಗಂಟುಮೂಟೆ ಕಟ್ಟಿಕೊಂಡು ಹೊರಡುವ ತನಕ ಬಂದಿದ್ದ. ಆಮೇಲೆ ಈಡ್‌ಬಾಲ್ಡ್ ಮನಸ್ಸು ತಿರುಗಿಸಿ ದೀಕ್ಷಾಸ್ನಾನ ತೆಗೆದುಕೊಂಡ, ಸಭೆ ಉಳಿಯಿತು.

ಹೀಗೆ ಉಳಿದ ಇಂಗ್ಲೆಂಡಿನ ಸಭೆಯಿಂದಲೇ ಒಂದು ಶತಮಾನದ ನಂತರ ಜರ್ಮನಿಗೆ ಮಿಷನರಿಗಳು ಹೊರಟರು. ಬೋನಿಫೇಸ್ ಅವರಲ್ಲಿ ಹೆಸರಾದವನು. ಗೈಸ್ಮರ್ ಎಂಬಲ್ಲಿ ಜನ ಪೂಜಿಸುತ್ತಿದ್ದ ದೊಡ್ಡ ಓಕ್ ಮರವನ್ನು ಕಡಿದು, ಅದರ ಹಲಗೆಯಲ್ಲೇ ಪ್ರಾರ್ಥನಾಲಯ ಕಟ್ಟಿದವನು. ಯೂತ್ ಕ್ಯಾಂಪುಗಳಲ್ಲಿ ಈ ಕಥೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಕಾಲದಲ್ಲಿ ವಿಂಚೆಸ್ಟರಿನ ಬಿಷಪ್ ಡೇನಿಯಲ್ ಅವನಿಗೆ ಬರೆದ ಪತ್ರ ಮಾತ್ರ ಯಾರಿಗೂ ಗೊತ್ತಿಲ್ಲ. ಜನರ ದೇವರುಗಳನ್ನು ಹೀಯಾಳಿಸಬೇಡ, ಅವರ ವಂಶಾವಳಿಯ ಕಥೆಗಳನ್ನು ಒಪ್ಪಿಕೊಂಡವನ ಹಾಗೆಯೇ ಕೇಳಿಸಿಕೊ, ಆಮೇಲೆ ಶಾಂತವಾಗಿ ಪ್ರಶ್ನೆ ಕೇಳು, ಅವರಿಗೆ ಸಿಟ್ಟು ಬರುವ ಹಾಗಲ್ಲ, ಅವರೇ ಯೋಚಿಸುವ ಹಾಗೆ. ಇದು ಆ ಪತ್ರದ ಸಾರ. ನನ್ನ ಕೇಳಿದರೆ ಕೊಡಲಿಗಿಂತ ಈ ಪತ್ರ ದೊಡ್ಡದು. ಇನ್ನೊಂದು ವಿಷಯ. ಫ್ರಾಂಕರ ಅಧಿಪತಿಯ ಆಶ್ರಯ ಇಲ್ಲದೆ ನನ್ನ ಕೆಲಸ ನಡೆಯುವುದಿಲ್ಲ ಅಂತ ಬೋನಿಫೇಸನೇ ಡೇನಿಯಲ್‌ಗೆ ಬರೆದುಕೊಂಡಿದ್ದಾನೆ. ಆ ಅಧಿಪತಿ ಚಾರ್ಲ್ಸ್ ಮಾರ್ಟೆಲ್. ಅವನ ಮೊಮ್ಮಗನೇ ಶಾರ್ಲಮೇನ್.

ಇಲ್ಲಿಂದ ಇವತ್ತಿನ ಮುಖ್ಯ ಕಥೆ.

ಶಾರ್ಲಮೇನ್ 768ರಲ್ಲಿ ರಾಜನಾದ. ಅವನ ರಾಜ್ಯದ ಈಶಾನ್ಯಕ್ಕೆ ಸ್ಯಾಕ್ಸನರು. ಅವರಿಗೆ ಒಬ್ಬ ರಾಜ ಅಂತ ಇರಲಿಲ್ಲ, ಬೇರೆ ಬೇರೆ ಗುಂಪುಗಳು. ಗಡಿಯಲ್ಲಿ ಎರಡೂ ಕಡೆಯಿಂದ ಕೊಳ್ಳೆ, ಬೆಂಕಿ, ಕೊಲೆ ಮೊದಲಿಂದಲೂ ಇತ್ತು. ಸ್ಯಾಕ್ಸನರು ಪಾಪದ ಹಸುಗಳೇನೂ ಅಲ್ಲ. 772ರಲ್ಲಿ ಶಾರ್ಲಮೇನ್ ಒಳನುಗ್ಗಿ ಅವರ ಪವಿತ್ರ ಸ್ತಂಭವಾದ ಇರ್ಮಿನ್‌ಸೂಲ್ ಅನ್ನು ಕೆಡವಿಸಿದ. ಅಲ್ಲಿದ್ದ ಬಂಗಾರ ಬೆಳ್ಳಿಯನ್ನೂ ತೆಗೆದುಕೊಂಡು ಹೋದ. ಅದನ್ನು ಅವನ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ. ಆ ಯುದ್ಧ 804ರ ತನಕ ಎಳೆಯಿತು. ಮೂವತ್ತೆರಡು ವರ್ಷ! ಪ್ರತಿ ಸಲವೂ ಒಂದೇ ಚಕ್ರ. ರಾಜ ಸೈನ್ಯ ತರುತ್ತಾನೆ, ಸ್ಯಾಕ್ಸನರು ಸೋಲುತ್ತಾರೆ, ಒಪ್ಪಂದದ ಗುರುತಾಗಿ ನೀರಿಗಿಳಿಯುತ್ತಾರೆ. ರಾಜ ಸ್ಪೇನಿಗೋ ಇಟಲಿಗೋ ಹೋದ ತಕ್ಷಣ ದಂಗೆ ಏಳುತ್ತಾರೆ, ಚರ್ಚುಗಳನ್ನು ಸುಡುತ್ತಾರೆ. 776ರಲ್ಲಿ ಲಿಪ್ಪೆ ನದಿಯ ಮೂಲದ ಹತ್ತಿರ ಹೆಂಡತಿ ಮಕ್ಕಳ ಸಮೇತ ಗುಂಪುಗುಂಪಾಗಿ ದೀಕ್ಷಾಸ್ನಾನ ಆಯಿತು. ಎರಡೇ ವರ್ಷಕ್ಕೆ, 778ರಲ್ಲಿ, ರೈನ್ ನದಿಯ ತನಕ ಸುಟ್ಟುಕೊಂಡು ಬಂದರು.

ಇಲ್ಲಿ ನೀರು ಅಂದರೆ ಏನಾಗಿಬಿಟ್ಟಿತು ನೋಡಿ. ನಮಗೆ ರೋಮಾ 6ರಲ್ಲಿ ಪೌಲನು ಹೇಳುವುದು ಕ್ರಿಸ್ತನ ಜೊತೆ ಸತ್ತು ಹೂಣಲ್ಪಟ್ಟು ಏಳುವುದು. ಸ್ಯಾಕ್ಸನನಿಗೆ ಅದು ಸೋಲಿನ ಪತ್ರದ ಮೇಲೆ ಒತ್ತಿದ ಹೆಬ್ಬೆಟ್ಟು. ಅವನ ಕಣ್ಣಿಗೆ ಶಿಲುಬೆ, ಫ್ರಾಂಕ್ ರಾಜನ ಬಾವುಟ, ಎರಡೂ ಒಂದೇ.

782ರಲ್ಲಿ ವಿಡುಕಿಂಡ್ ಎಂಬ ನಾಯಕನ ಪ್ರಚೋದನೆಯಿಂದ ದಂಗೆಯೆದ್ದ ಸ್ಯಾಕ್ಸನರು ಸ್ಯೂಂಟೆಲ್ ಬೆಟ್ಟದ ಹತ್ತಿರ ಫ್ರಾಂಕರ ಒಂದು ಸೈನ್ಯವನ್ನು ನಾಶ ಮಾಡಿದರು. ರಾಜನ ಇಬ್ಬರು ಆಪ್ತ ದೂತರು, ನಾಲ್ವರು ಕೌಂಟ್‌ಗಳು, ಸುಮಾರು ಇಪ್ಪತ್ತು ಗಣ್ಯರು ಸತ್ತರು. ಶಾರ್ಲಮೇನ್ ಬಂದ. ವಿಡುಕಿಂಡ್ ಉತ್ತರದ ಡೇನರ ಕಡೆ ತಪ್ಪಿಸಿಕೊಂಡು ಹೋಗಿದ್ದ. ಉಳಿದ ಸ್ಯಾಕ್ಸನ್ ಮುಖಂಡರು ದಂಗೆಯಲ್ಲಿದ್ದವರನ್ನು ಹಿಡಿದು ಒಪ್ಪಿಸಿದರು. ಆಲರ್ ನದಿಯ ದಡದ ವರ್ಡನ್ ಎಂಬಲ್ಲಿ 4500 ಜನರ ತಲೆಯನ್ನು ಒಂದೇ ದಿನದಲ್ಲಿ ಕಡಿಸಿದ ಅಂತ ಆ ರಾಜ ದಾಖಲೆ ಹೇಳುತ್ತದೆ. ಸಂಖ್ಯೆ ಹೆಚ್ಚಿಸಿ ಬರೆದಿರಬಹುದು ಅಂತ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಇರಲಿ. ನನಗೆ ಆ ದಾಖಲೆಯಲ್ಲಿ ಹೆಚ್ಚು ಚುಚ್ಚುವುದು ಸಂಖ್ಯೆ ಅಲ್ಲ, ಅದಾದ ಮೇಲಿನ ಮಾತು. ಇಷ್ಟು ಆದಮೇಲೆ ರಾಜ ತಿಯೋನ್‌ವಿಲ್ಲಿಗೆ ಹೋಗಿ ಕರ್ತನ ಜನನದ ಹಬ್ಬವನ್ನೂ ಪುನರುತ್ಥಾನದ ಹಬ್ಬವನ್ನೂ ಆಚರಿಸಿದ ಅಂತ ಅದೇ ಉಸಿರಿನಲ್ಲಿ ಬರೆದಿದ್ದಾರೆ. ಬರೆದವನ ಕೈ ನಡುಗಲಿಲ್ಲ.

ಒಂದು ಸ್ಪಷ್ಟನೆ, ಆಫೀಸಿನಲ್ಲಿ ಕೇಳುವವರಿಗೆ ಉತ್ತರಿಸುವಾಗ ಬೇಕಾಗುತ್ತದೆ. ವರ್ಡನ್‌ನಲ್ಲಿ ಕೊಂದದ್ದು ದೀಕ್ಷಾಸ್ನಾನ ಬೇಡ ಅಂದದ್ದಕ್ಕಲ್ಲ, ರಾಜದ್ರೋಹ ಅನ್ನುವ ಕಾರಣಕ್ಕೆ. ಆದರೆ ಇದನ್ನು ಹೇಳಿ ನಿಲ್ಲಿಸಬೇಡಿ, ಅರ್ಧಸತ್ಯ ಆಗುತ್ತದೆ. ಯಾಕೆಂದರೆ ಅದೇ ಆಸುಪಾಸಿನ ವರ್ಷಗಳಲ್ಲಿ ಸ್ಯಾಕ್ಸನರ ಪ್ರದೇಶಕ್ಕೆ ಅಂತಲೇ ಒಂದು ಶಾಸನ ಬಂತು. ಅದರಲ್ಲಿ ನೇರವಾಗಿಯೇ ಇದೆ: ದೀಕ್ಷಾಸ್ನಾನ ಆಗದೆ ಬಚ್ಚಿಟ್ಟುಕೊಂಡು, ಅದನ್ನು ತಿರಸ್ಕರಿಸಿ ಹಳೆಯ ಧರ್ಮದಲ್ಲೇ ಉಳಿಯಬಯಸುವವನಿಗೆ ಮರಣದಂಡನೆ. ಕ್ರೈಸ್ತ ಧರ್ಮವನ್ನು ತುಚ್ಛವಾಗಿ ಕಂಡು ಉಪವಾಸ ಕಾಲದಲ್ಲಿ ಮಾಂಸ ತಿಂದರೆ ಮರಣದಂಡನೆ. ಹಳೆಯ ಪದ್ಧತಿಯಂತೆ ಹೆಣ ಸುಟ್ಟರೆ ಮರಣದಂಡನೆ. ಮಗು ಹುಟ್ಟಿದ ಒಂದು ವರ್ಷದೊಳಗೆ ದೀಕ್ಷಾಸ್ನಾನ ಮಾಡಿಸದಿದ್ದರೆ ದಂಡ: ಗಣ್ಯನಾದರೆ 120 ಸಾಲಿಡಸ್, ಸ್ವತಂತ್ರ ರೈತನಾದರೆ 60, ಒಡೆಯನ ಅಧೀನದವನಾದರೆ 30. ಮೇಲಾಗಿ ಎಲ್ಲರೂ ತಮ್ಮ ಆಸ್ತಿಯಿಂದಲೂ ದುಡಿಮೆಯಿಂದಲೂ ದಶಮಾಂಶ ಕೊಡಲೇಬೇಕು.

ಒಬ್ಬ ಬಡ ಸ್ಯಾಕ್ಸನ್ ರೈತನ ಮನೆಯಲ್ಲಿ ನಿಂತು ನೋಡಿ. ಅವನಿಗೆ ಯೇಸು ಯಾರು ಅಂತ ಅವನ ಭಾಷೆಯಲ್ಲಿ ಕೂತು ಹೇಳಿದವರು ಬಹಳ ಕಮ್ಮಿ. ಅವನಿಗೆ ತಿಳಿದ ಕ್ರೈಸ್ತ ಧರ್ಮ ಅಂದರೆ ಮೂರು: ಸೈನ್ಯ, ದಂಡ, ಬೆಳೆಯಲ್ಲಿ ಹತ್ತನೇ ಒಂದು ಪಾಲು. ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ. ಇದರಲ್ಲಿ ಅವನಿಗೆ ಯಾವುದು ಒಳ್ಳೆಯ ಸುದ್ದಿ?

785ರಲ್ಲಿ ವಿಡುಕಿಂಡ್ ಶರಣಾದ. ಈಗಿನ ಫ್ರಾನ್ಸಿನ ಅಟಿನಿ ಎಂಬ ಅರಮನೆಯಲ್ಲಿ ದೀಕ್ಷಾಸ್ನಾನ. ಧರ್ಮತಂದೆಯಾಗಿ ನಿಂತವನು ಸ್ವತಃ ಶಾರ್ಲಮೇನ್, ಉಡುಗೊರೆಯನ್ನೂ ಕೊಟ್ಟ. ಪೋಪ್ ಹೇಡ್ರಿಯನ್ ಸ್ತೋತ್ರ ಸಲ್ಲಿಸಲು ದಿನಗಳನ್ನೇ ಗೊತ್ತುಮಾಡಿದ. ಸ್ಯಾಕ್ಸನರೆಲ್ಲ ಬಂದುಬಿಟ್ಟರು ಅಂತ ರಿಪೋರ್ಟ್ ಆಯಿತು. ಏಳೆಂಟು ವರ್ಷಕ್ಕೆ, 792-793ರಲ್ಲಿ, ಮತ್ತೆ ದಂಗೆ. ಚರ್ಚುಗಳಿಗೆ ಬೆಂಕಿ, ಪಾದ್ರಿಗಳ ಕೊಲೆ. ಆ ಕಾಲದ ಒಂದು ದಾಖಲೆ 2 ಪೇತ್ರನಲ್ಲಿ ಬರುವ ನಾಯಿಯ ಹೋಲಿಕೆಯನ್ನೇ ತೆಗೆದು ಸ್ಯಾಕ್ಸನರಿಗೆ ಅಂಟಿಸಿತು. ತಪ್ಪೆಲ್ಲ ಹೊಸಬರದ್ದು, ಹಿಂಜಾರಿದರು, ಕೃತಘ್ನರು. ಇಂಥ ಭಾಷೆ ನೀವೂ ಕೇಳಿರುತ್ತೀರಿ, ಅಲ್ವಾ? ಸಭೆ ಬಿಟ್ಟು ಹೋದವರ ಬಗ್ಗೆ ನಾವು ಮಾತಾಡುವ ರೀತಿ.

ಆಗ ಒಬ್ಬನು ಬೇರೆ ಕಡೆ ಬೆರಳು ತೋರಿಸಿದ. ಅವನೇ ಆಲ್ಕ್ವಿನ್.

ಆಲ್ಕ್ವಿನ್ ಇಂಗ್ಲೆಂಡಿನ ಯಾರ್ಕ್ ಪಟ್ಟಣದವನು. ನೋಟ್ ಮಾಡಿಕೊಳ್ಳಿ ಅಂದಿದ್ದೆನಲ್ಲ, ಬೀಡ್ ಬರೆದ ಮಾತು. ಆ ಬೀಡ್‌ನ ಶಿಷ್ಯ ಎಗ್ಬರ್ಟ್ ಯಾರ್ಕಿನ ಆರ್ಚ್‌ಬಿಷಪ್ ಆದ. ಅವನ ಶಾಲೆಯಲ್ಲಿ ಓದಿ ಬೆಳೆದವನು ಆಲ್ಕ್ವಿನ್. ಅಂದರೆ ಬಲವಂತ ಮಾಡದ ಎಥೆಲ್ಬರ್ಟ್‌ನ ಕಥೆ ಕೇಳಿಯೇ ಬೆಳೆದ ಸಭೆ ಅವನದು. ಬಿಷಪ್ ಅಲ್ಲ, ಜೀವಮಾನವೆಲ್ಲ ಡೀಕನ್. 781ರಲ್ಲಿ ಇಟಲಿಯ ಪಾರ್ಮಾದಲ್ಲಿ ಶಾರ್ಲಮೇನ್ ಅವನನ್ನು ಭೇಟಿಯಾಗಿ ತನ್ನ ಆಸ್ಥಾನಕ್ಕೆ ಬಾ ಅಂತ ಕರೆದ. ರಾಜನಿಗೇ ಮೇಷ್ಟ್ರು. ಅನ್ನ ಹಾಕುವವನೂ ಆ ರಾಜನೇ ಅನ್ನುವುದನ್ನು ಮರೆಯಬೇಡಿ.

796ರಲ್ಲಿ ಶಾರ್ಲಮೇನ್‌ನ ಸೈನ್ಯ ಪೂರ್ವಕ್ಕೆ, ಡ್ಯಾನ್ಯೂಬ್ ನದಿಯ ಆಚೆ, ಅವಾರರನ್ನು ಗೆದ್ದಿತು. ಹೊಸ ಜನಾಂಗ, ಹೊಸ ದೀಕ್ಷಾಸ್ನಾನಗಳು ಶುರುವಾಗುವ ಸಮಯ. ಸ್ಯಾಕ್ಸನರಿಗೆ ಮಾಡಿದ್ದನ್ನೇ ಇವರಿಗೂ ಮಾಡುತ್ತಾರೆ ಅಂತ ಆಲ್ಕ್ವಿನ್‌ಗೆ ಕಂಡಿತು. ಕೂತು ಪತ್ರ ಬರೆದ. ರಾಜನಿಗೆ ಒಂದು, ರಾಜನ ಖಜಾನೆ ಅಧಿಕಾರಿ ಮೆಗಿನ್‌ಫ್ರಿಡ್‌ಗೆ ಒಂದು, ಸಾಲ್ಸ್‌ಬರ್ಗಿನ ಬಿಷಪ್ ಆರ್ನ್‌ಗೆ ಇನ್ನೊಂದೆರಡು. ರಾಜನಿಗೆ ಮಾತ್ರ ಬರೆದು ಸುಮ್ಮನಾಗಲಿಲ್ಲ. ಕಿವಿಗೆ ಹಾಕುವವರು, ಕೆಲಸ ಮಾಡುವವರು, ಎಲ್ಲರನ್ನೂ ಹಿಡಿದ.

ಏನು ಬರೆದ? ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದಾಗಿ, ನಂಬಿಕೆ ಇಚ್ಛೆಯ ವಿಷಯ, ಬಲವಂತದ್ದಲ್ಲ. ಇದಕ್ಕೆ ಹಿಪ್ಪೋವಿನ ಅಗಸ್ಟೀನನನ್ನು ಆಧಾರ ಕೊಡುತ್ತಾನೆ. ಮನುಷ್ಯನನ್ನು ನಂಬಿಕೆಯ ಕಡೆ ಸೆಳೆಯಬಹುದು, ತಳ್ಳುವುದಕ್ಕಾಗುವುದಿಲ್ಲ. ದೀಕ್ಷಾಸ್ನಾನದ ತನಕ ಎಳೆದುಕೊಂಡು ಹೋಗಬಹುದು, ಅದರಿಂದ ನಂಬಿಕೆ ಹುಟ್ಟುವುದಿಲ್ಲ. ಆಮೇಲೆ ನಾವು ಇವತ್ತು ತೆರೆದ ಅದೇ ಮತ್ತಾಯ 28ಕ್ಕೆ ಬರುತ್ತಾನೆ. ಅವನ ಲ್ಯಾಟಿನ್ ಬೈಬಲಿನಲ್ಲಿ ನಮ್ಮ "ಶಿಷ್ಯರನ್ನಾಗಿ ಮಾಡಿ" ಅನ್ನುವ ಜಾಗದಲ್ಲಿ "ಕಲಿಸಿ" ಅಂತಲೇ ಇದೆ. ಹಾಗಾಗಿ ಕ್ರಮ ಅವನಿಗೆ ಎದ್ದು ಕಾಣುತ್ತದೆ. ಕಲಿಸಿ, ನೀರು ಕೊಡಿ, ಮತ್ತೆ ಕಲಿಸಿ. ನೀರಿನ ಎರಡೂ ಬದಿಗೆ ಬೋಧನೆ. ಏನು ಕಲಿಸಬೇಕು ಅಂತಲೂ ಅಗಸ್ಟೀನನಿಂದ ತೆಗೆದು ಪಟ್ಟಿ ಕೊಡುತ್ತಾನೆ: ಮೊದಲು ಆತ್ಮ ಸಾಯುವುದಿಲ್ಲ ಅನ್ನುವುದು, ಮುಂದಿನ ಜೀವನ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಿಗುವ ಫಲ, ಆಮೇಲೆ ತ್ರಯೈಕ್ಯ ದೇವರು, ಕರ್ತನ ಅವತಾರ, ಶ್ರಮೆ, ಪುನರುತ್ಥಾನ. ನಮ್ಮ ದೀಕ್ಷಾಸ್ನಾನ ಕ್ಲಾಸಿನ ಸಿಲಬಸ್ ನೋಡಿದ ಹಾಗೆ ಅನ್ನಿಸುವುದಿಲ್ವಾ?

ಹಾಗಂತ ಆಲ್ಕ್ವಿನ್‌ನನ್ನು ಪೆಂತೆಕೊಸ್ತಿನವನನ್ನಾಗಿ ಮಾಡಿಬಿಡಬೇಡಿ. ಶಿಶು ದೀಕ್ಷಾಸ್ನಾನವನ್ನು ಅವನು ಒಪ್ಪುತ್ತಿದ್ದ. ಅವನು ಹೇಳುತ್ತಿರುವುದು ಬುದ್ಧಿ ಬಂದ ವಯಸ್ಸಿನವರ ಬಗ್ಗೆ. ರಾಜನ ಗೆಲುವನ್ನು ದೇವರು ಕೊಟ್ಟದ್ದು ಅಂತ ಹೊಗಳಿಯೇ ಪತ್ರ ಶುರು ಮಾಡುತ್ತಾನೆ. ಯುದ್ಧ ಬೇಡ ಅನ್ನುವವನಲ್ಲ. ಆದರೂ ಆ ಹೊಗಳಿಕೆ ಮುಗಿದ ಮೇಲೆ ಹೇಳಬೇಕಾದದ್ದನ್ನು ನುಂಗಿಕೊಳ್ಳಲಿಲ್ಲ.

ಎರಡನೆಯ ಮಾತು ನಮಗೆ, ಅದರಲ್ಲೂ ನನ್ನಂಥ ಪಾಸ್ಟರುಗಳಿಗೆ, ಹೆಚ್ಚು ಇರುಸುಮುರುಸು. ದಶಮಾಂಶ. ಆಲ್ಕ್ವಿನ್ ರಾಜನನ್ನು ಕೇಳುತ್ತಾನೆ: ಅಪೊಸ್ತಲರು ಹೋದ ಹೋದಲ್ಲಿ ದಶಮಾಂಶ ವಸೂಲಿ ಮಾಡಿದರಾ? ಅದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಈ ನಂಬಿಕೆಯಲ್ಲೇ ಬೆಳೆದ ನಾವೇ ಪೂರ್ತಿ ಕೊಡಲು ಹಿಂದೆ ಮುಂದೆ ನೋಡುತ್ತೇವೆ. ಎಳೆಯ ನಂಬಿಕೆಯವರು, ದುರಾಸೆ ಇನ್ನೂ ಬಿಡದವರು, ಹೇಗೆ ತಡೆದುಕೊಂಡಾರು? ಅವರ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ದಶಮಾಂಶ ಕಳೆದುಕೊಳ್ಳುವುದು ಮೇಲು. ಮೆಗಿನ್‌ಫ್ರಿಡ್‌ಗೆ ಇನ್ನೂ ನೇರವಾಗಿ ಬರೆಯುತ್ತಾನೆ: ದಶಮಾಂಶವನ್ನೂ ಸಣ್ಣ ಸಣ್ಣ ತಪ್ಪಿನ ದಂಡವನ್ನೂ ವಸೂಲಿ ಮಾಡಿದಷ್ಟು ಶ್ರದ್ಧೆಯಿಂದ ಕ್ರಿಸ್ತನ ಹಗುರವಾದ ನೊಗವನ್ನು ಸ್ಯಾಕ್ಸನರಿಗೆ ಬೋಧಿಸಿದ್ದರೆ, ಬಹುಶಃ ಅವರು ದೀಕ್ಷಾಸ್ನಾನ ಕಂಡು ಹೀಗೆ ಓಡುತ್ತಿರಲಿಲ್ಲ. ಬಿಷಪ್ ಆರ್ನ್‌ಗೆ ಕೊಟ್ಟ ಬುದ್ಧಿ: ನೀನು ಭಕ್ತಿಯನ್ನು ಬೋಧಿಸುವವನಾಗು, ದಶಮಾಂಶ ವಸೂಲಿಗಾರ ಆಗಬೇಡ. 1 ಕೊರಿಂಥ 3ರಲ್ಲಿ ಪೌಲನು ಹೇಳುವ ಹಾಲಿನ ಮಾತನ್ನು ಅಲ್ಲಿ ತರುತ್ತಾನೆ. ಕೂಸಿಗೆ ಗಟ್ಟಿ ಊಟ ತುರುಕಿದರೆ ಕಕ್ಕುತ್ತದೆ. ಆಗ ಕೂಸನ್ನು ಬೈಯುತ್ತೀರಾ, ತುರುಕಿದವರನ್ನು ಬೈಯುತ್ತೀರಾ?

ದಶಮಾಂಶದ ಬಗ್ಗೆ ನಾನೇ ಈ ಪುಲ್ಪಿಟ್ಟಿನಿಂದ ಪ್ರಸಂಗ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಅದು ವಾಕ್ಯದಲ್ಲಿದೆ. ಆದರೆ ಇವತ್ತು ನಮ್ಮ ಪಕ್ಕದಲ್ಲಿ ಕೂತಿರುವ, ಎರಡೇ ಭಾನುವಾರ ಆಗಿರುವ ಸಹೋದರನಿಗೆ ನಮ್ಮಿಂದ ಮೊದಲು ತಲುಪಿದ್ದು ಯಾವುದು? ಕರ್ತನ ಕೃಪೆಯಾ, ಕ್ಯೂಆರ್ ಕೋಡಾ? ಈ ಪ್ರಶ್ನೆಯನ್ನು ನಾವು ಲೀಡರ್ಸ್ ಮೀಟಿಂಗಿನಲ್ಲಿಯೂ ಮಾತಾಡಲೇಬೇಕು.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಧ್ಯೆ ಕತ್ತಿ ಇಲ್ಲ. ಆದರೆ ಮದುವೆ ಛತ್ರದ ಬುಕಿಂಗ್ ಇದೆ. "ಪಾಸ್ಟರ್, ಡೇಟ್ ಫಿಕ್ಸ್ ಆಗಿದೆ, ಹುಡುಗ ಒಳ್ಳೆಯವನು, ಅಷ್ಟರೊಳಗೆ ಒಂದು ದೀಕ್ಷಾಸ್ನಾನ ಕೊಟ್ಟುಬಿಡಿ" ಅಂತ ಅಪ್ಪ ಅಮ್ಮಂದಿರು ಬರುತ್ತಾರೆ. ಹುಡುಗನನ್ನು ಕೂರಿಸಿ "ಯೇಸು ನಿನಗೆ ಯಾರಪ್ಪಾ?" ಅಂದರೆ ಹುಡುಗಿಯ ಮುಖ ನೋಡುತ್ತಾನೆ. ಅವನ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ. ಪ್ರೀತಿಯಿಂದ ಮಾಡುವ ಬಲವಂತವೂ ಬಲವಂತವೇ. ನಾನು ಅಂಥವರಿಗೆ ಆಗುವುದಿಲ್ಲ ಅಂತಲೇ ಹೇಳುತ್ತೇನೆ, ಕೆಲವರಿಗೆ ಬೇಸರ ಆಗಿದೆ. ಇವತ್ತು ಯಾಕೆ ಅಂತ ಗೊತ್ತಾಯಿತಲ್ಲ.

ಪತ್ರಗಳಿಂದ ಏನಾದರೂ ಆಯಿತಾ? ಅಲ್ಪಸ್ವಲ್ಪ ಆಯಿತು. 796ರಲ್ಲೇ ಡ್ಯಾನ್ಯೂಬ್ ದಡದಲ್ಲಿ ಬಿಷಪ್‌ಗಳ ಒಂದು ಸಭೆ ನಡೆಯಿತು. ಅವಾರರಿಗೆ ಮೊದಲು ಕಲಿಸಬೇಕು, ಹೆದರಿಸಿ ನೀರಿಗೆ ಎಳೆಯಬಾರದು ಅಂತ ಅಲ್ಲಿ ತೀರ್ಮಾನ ಆಯಿತು. 797ರಲ್ಲಿ ಸ್ಯಾಕ್ಸನರಿಗೆ ಹೊಸ ಶಾಸನ ಬಂತು, ಹಳೆಯದಕ್ಕಿಂತ ಎಷ್ಟೋ ಮೃದು, ಜೀವ ತೆಗೆಯುವ ಬದಲು ದಂಡ ಕಟ್ಟುವುದು ಹೆಚ್ಚಾಯಿತು. ಇದು ಆಲ್ಕ್ವಿನ್ ಒಬ್ಬನಿಂದಲೇ ಆಯಿತು ಅಂತ ಹೇಳಲಾರೆ. ಯುದ್ಧ ಮಾತ್ರ ನಿಲ್ಲಲಿಲ್ಲ. 800ರ ಕ್ರಿಸ್‌ಮಸ್ ದಿನ ರೋಮಿನಲ್ಲಿ ಪೋಪ್ ಮೂರನೆಯ ಲಿಯೋ ಶಾರ್ಲಮೇನ್‌ಗೆ ಚಕ್ರವರ್ತಿ ಕಿರೀಟ ಇಟ್ಟ. 804ರಲ್ಲಿ ಎಲ್ಬ್ ನದಿಯ ಕಡೆಯ 10,000 ಸ್ಯಾಕ್ಸನರನ್ನು ಹೆಂಡತಿ ಮಕ್ಕಳ ಸಮೇತ ಎಬ್ಬಿಸಿ ದೂರದ ಊರುಗಳಲ್ಲಿ ಚದುರಿಸಿದರು ಅಂತ ರಾಜನ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ಅದರೊಂದಿಗೆ ಯುದ್ಧ ಮುಗಿಯಿತು. ಆಲ್ಕ್ವಿನ್ ತೀರಿಕೊಂಡದ್ದೂ ಅದೇ 804ರ ಮೇ ತಿಂಗಳಲ್ಲಿ.

ಮುಗಿಯಿತಾ? 841ರಲ್ಲಿ ಶಾರ್ಲಮೇನ್‌ನ ಮೊಮ್ಮಕ್ಕಳು ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದಾಗ, ಲೋಥಾರ್ ಎಂಬವನು ಸ್ಯಾಕ್ಸನರಲ್ಲಿ ಕೆಳವರ್ಗದವರಿಗೆ ಒಂದು ಆಸೆ ತೋರಿಸಿದ. ನನ್ನ ಕಡೆ ಬನ್ನಿ, ನಿಮ್ಮ ಹಿಂದಿನವರ ಹಳೆಯ ಪದ್ಧತಿ ನಿಮಗೆ ವಾಪಸ್ ಕೊಡುತ್ತೇನೆ ಅಂತ. ಜನ ಎದ್ದರು, ಸ್ಟೆಲ್ಲಿಂಗಾ ದಂಗೆ ಅಂತ ಅದಕ್ಕೆ ಹೆಸರು. ಒಡೆಯರ ಮೇಲಿನ ಸಿಟ್ಟೂ ಅದರಲ್ಲಿತ್ತು, ಹಳೆಯ ನಂಬಿಕೆಯ ಆಸೆಯೂ ಇತ್ತು. ಅಷ್ಟು ರಕ್ತ, ಅಷ್ಟು ಕಾನೂನು, ಅಷ್ಟು ನೀರು ಆಗಿ ಅರ್ಧ ಶತಮಾನ ಕಳೆದಿತ್ತು.

ಆದರೆ ಅದೇ ಹೊತ್ತಿಗೆ, 830ರ ಸುಮಾರಿಗೆ, ಇನ್ನೊಂದು ಕೆಲಸ ಸದ್ದಿಲ್ಲದೆ ಆಯಿತು. ಹೆಸರು ಗೊತ್ತಿಲ್ಲದ ಒಬ್ಬ ಕವಿ ನಾಲ್ಕು ಸುವಾರ್ತೆಗಳ ಕಥೆಯನ್ನು ಹಳೆಯ ಸ್ಯಾಕ್ಸನ್ ಭಾಷೆಯಲ್ಲಿ, ಆ ಜನ ತಮ್ಮ ವೀರರ ಕಥೆ ಹಾಡುತ್ತಿದ್ದ ಅದೇ ಧಾಟಿಯಲ್ಲಿ, ಸುಮಾರು 6000 ಸಾಲು ಕಟ್ಟಿದ. ಅದಕ್ಕೆ ಹೆಲಿಯಾಂಡ್ ಅನ್ನುತ್ತಾರೆ, ರಕ್ಷಕ ಅಂತ ಅರ್ಥ. ಅದರಲ್ಲಿ ಯೇಸು ಜನರ ಒಡೆಯ, ಹನ್ನೆರಡು ಶಿಷ್ಯರು ಒಡೆಯನನ್ನು ಬಿಟ್ಟುಕೊಡದ ಬಂಟರು. ನಜರೇತು, ಬೇತ್ಲೆಹೇಮು ಎಲ್ಲ ಕೋಟೆ ಊರುಗಳು. ಕ್ರಿಸ್ತನ ಜನನದ ರಾತ್ರಿ ಹೊಲದಲ್ಲಿ ಎಚ್ಚರವಾಗಿದ್ದವರು ಕುರಿ ಕಾಯುವವರಲ್ಲ, ಕುದುರೆ ಕಾಯುವವರು! ಬೆಟ್ಟದ ಪ್ರಸಂಗ ಮಾತ್ರ ಉದ್ದಕ್ಕೆ ಇದೆ, ವೈರಿಯನ್ನು ಪ್ರೀತಿಸುವುದೂ ಸೇರಿ. ಮೂವತ್ತೆರಡು ವರ್ಷದ ಸೈನ್ಯ ಹೇಳಲಾರದೆ ಹೋದದ್ದನ್ನು ಯಾರೋ ಒಬ್ಬ ಅವರ ಒಲೆಯ ಪಕ್ಕ ಕೂತು, ಅವರ ಮಾತಿನಲ್ಲಿ ಹೇಳಿದ. ಕನ್ನಡದಲ್ಲಿ ಬೈಬಲ್ ಓದಿ ಬೆಳೆದ ನಮ್ಮ ಅಜ್ಜಿಯಂದಿರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ಸಹೋದರಿ ಕೇಳಿದರು: "ಪಾಸ್ಟರ್, ಹಾಗಾದರೆ ವಿಡುಕಿಂಡ್ ನಿಜವಾಗಿ ನಂಬಿದನಾ? ಅವನ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತಾ?"

ಸಿಸ್ಟರ್, ಅಟಿನಿಯ ನಂತರ ಅವನ ಬಗ್ಗೆ ರಾಜ ದಾಖಲೆಗಳು ಪೂರ್ತಿ ಮೌನ. ಯುದ್ಧಕ್ಕೂ ಬರಲಿಲ್ಲ, ದಂಗೆಗೂ ಬರಲಿಲ್ಲ. ಅವನ ಹೃದಯದ ತೀರ್ಪು ನಮ್ಮ ಕೈಯಲ್ಲಿಲ್ಲ, ಕರ್ತನ ಕೈಯಲ್ಲಿದೆ. ಗೊತ್ತಿರುವುದು ಇಷ್ಟು. ಅವನ ಮೊಮ್ಮಗ ವಾಲ್ಟ್‌ಬರ್ಟ್ 850ರ ಸುಮಾರಿಗೆ ತಾನಾಗಿ ರೋಮಿಗೆ ಹೋದ, ಅಲ್ಲಿಂದ ಒಬ್ಬ ರಕ್ತಸಾಕ್ಷಿಯ ಅವಶೇಷಗಳನ್ನು ತಂದು ತನ್ನ ಊರಾದ ವಿಲ್ಡೆಸ್‌ಹೌಸನ್ನಿನಲ್ಲಿ ಇಟ್ಟ. ಅವಶೇಷಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ, ಆದರೆ ಆ ದಾರಿಯನ್ನು ಅವನಿಂದ ಯಾರೂ ಕತ್ತಿ ಹಿಡಿದು ನಡೆಸಲಿಲ್ಲ. ಅದೇ ವಂಶದಲ್ಲಿ ಹುಟ್ಟಿದ ಮಟಿಲ್ಡಾಳ ಮಗ ಒಟ್ಟೋ 962ರಲ್ಲಿ ಚಕ್ರವರ್ತಿಯಾದ. ಸ್ಯಾಕ್ಸನ್ ಚಕ್ರವರ್ತಿ. ಅವನ ಕಾಲದಲ್ಲಿ ಸ್ಯಾಕ್ಸನರು ಎಲ್ಬ್ ನದಿ ದಾಟಿ ಆಚೆಯ ಸ್ಲಾವ್ ಜನರನ್ನು ಗೆದ್ದು, ಅವರ ಮೇಲೆ ಕಪ್ಪಕಾಣಿಕೆಯನ್ನೂ ದಶಮಾಂಶವನ್ನೂ ಹೇರಿದರು. 983ರಲ್ಲಿ ಆ ಸ್ಲಾವರು ಎದ್ದು ಹಾವೆಲ್‌ಬರ್ಗ್ ಮತ್ತು ಬ್ರಾಂಡೆನ್‌ಬರ್ಗಿನ ಬಿಷಪ್ ಪೀಠಗಳನ್ನು ನಾಶ ಮಾಡಿದರು. ಮುಂದಿನ ಶನಿವಾರ ಅಲ್ಲಿಂದ ಶುರು ಮಾಡೋಣ. ಬರುವಾಗ 1 ಕೊರಿಂಥ 3ನೇ ಅಧ್ಯಾಯ ಪೂರ್ತಿ ಓದಿಕೊಂಡು ಬನ್ನಿ. ಈಗ ಪ್ರಾರ್ಥನೆಗೆ ಎದ್ದು ನಿಲ್ಲೋಣ.